ಗಡಿಯಲ್ಲಿ ಒಳ್ಳೆಯ ಶಿಕ್ಷಕರನ್ನು ಗುರುತಿಸುವುದು ಹೇಗೆ?

ಸೆಪ್ಟೆಂಬರ್ ತಿಂಗಳ ಮೊದಲ ವಾರ ಪತ್ರಿಕೆ ಬಿಡಿಸಿದರೆ ನಮ್ಮ ಕಡೆಯವರ ಕಣ್ಣು ಮೊದಲು ಹೋಗುವುದು ಉತ್ತಮ ಶಿಕ್ಷಕರ ಪಟ್ಟಿಯ ಮೇಲೆ. ತಮಿಳುನಾಡು ಸರ್ಕಾರ ಕೊಡುವ ಪ್ರಶಸ್ತಿಗೆ ಡಾ. ರಾಧಾಕೃಷ್ಣನ್ ಪ್ರಶಸ್ತಿ ಎಂದು ಹೆಸರು. ಜನರ ಬಾಯಲ್ಲಿ ಅದು ‘ನಲ್ಲಾಸಿರಿಯರ್ ವಿರುದು’. ಬೆಳ್ಳಿ ಪದಕ, ಪ್ರಮಾಣಪತ್ರ, 10,000 ರೂಪಾಯಿ. ತಾಳವಾಡಿಯಲ್ಲಿರಲಿ, ಹೊಸೂರು, ಡೆಂಕಣಿಕೋಟೆಯಲ್ಲಿರಲಿ, ಆ ಪಟ್ಟಿಯಲ್ಲಿ ನೀವು ಹುಡುಕುವುದು ಒಂದು ಕನ್ನಡ ಶಾಲೆಯ ಹೆಸರನ್ನು. ಸಿಕ್ಕಿದರೆ ಸಂತೋಷಪಡುತ್ತೀರಿ, ಸಿಗದಿದ್ದರೆ ಪತ್ರಿಕೆ ಮಡಚಿಡುತ್ತೀರಿ. ಹೆಸರು ಬರುವುದು, ಬಾರದಿರುವುದು ಅಷ್ಟು ದೊಡ್ಡ ಮಾತಲ್ಲ. ಗಡಿ ಶಾಲೆಯ ಮೇಷ್ಟ್ರು ಮಾಡುವ ಕೆಲಸ ಏನು, ಅದನ್ನು ಅಳೆಯುವ ಕೋಲು ಯಾರ ಬಳಿ ಇದೆ ಎಂಬುದು ದೊಡ್ಡ ಮಾತು. ಈ ಲೇಖನದಲ್ಲಿ ನಿಮ್ಮ ಮುಂದಿಡಲು ಹೊರಟಿರುವುದು ಅದನ್ನೇ.

ಪ್ರಶಸ್ತಿಗೆ ಹೆಸರು ಕೊಟ್ಟ ಮಹನೀಯರ ಬದುಕನ್ನೇ ಒಮ್ಮೆ ನೋಡಿ. ರಾಧಾಕೃಷ್ಣನ್ ಹುಟ್ಟಿದ್ದು 1888ರ ಸೆಪ್ಟೆಂಬರ್ 5ರಂದು, ತಿರುತ್ತಣಿಯಲ್ಲಿ. ಮನೆಯ ಮಾತು ತೆಲುಗು. 1918ರಿಂದ 1921ರವರೆಗೆ ಅವರು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ತತ್ವಶಾಸ್ತ್ರ ಕಲಿಸಿದರು. ಕಲ್ಕತ್ತೆಗೆ ಹೊರಟ ದಿನ ವಿದ್ಯಾರ್ಥಿಗಳು ಅವರನ್ನು ಕೂರಿಸಿದ್ದ ಗಾಡಿಯನ್ನು ತಾವೇ ಎಳೆದುಕೊಂಡು ರೈಲು ನಿಲ್ದಾಣಕ್ಕೆ ಹೋದದ್ದನ್ನು ಮೈಸೂರಿನವರು ಇಂದಿಗೂ ಹೇಳುತ್ತಾರೆ. ಅವರ ಹುಟ್ಟೂರಿನ ಕಥೆ ಇನ್ನೂ ಸ್ವಾರಸ್ಯ. 1953ರಲ್ಲಿ ಆಂಧ್ರ ರಾಜ್ಯವಾದಾಗ ತಿರುತ್ತಣಿ ಚಿತ್ತೂರು ಜಿಲ್ಲೆಯೊಡನೆ ಆಂಧ್ರಕ್ಕೆ ಹೋಯಿತು. 1960ರ ಏಪ್ರಿಲ್ 1ರಂದು ಮದ್ರಾಸಿಗೆ ಮರಳಿತು. ಊರು ಇದ್ದಲ್ಲೇ ಇತ್ತು, ಗೆರೆ ಮಾತ್ರ ಸರಿದಾಡಿತು. ನಮಗಿದು ಹೊಸದಲ್ಲ. 1956ರ ನವೆಂಬರ್ 1ರಂದು ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿತು, ತಾಳವಾಡಿ ಮದ್ರಾಸಿನಲ್ಲೇ ಉಳಿಯಿತು. ಎರಡೂ ಕಡೆಯ ಮಕ್ಕಳು ಅದುವರೆಗೆ ಹೇಳುತ್ತಿದ್ದ ಮಗ್ಗಿ ಒಂದೇ.

ಕಾಯ್ದೆ ಏನು ಹೇಳುತ್ತದೆ

ಗಡಿ ಶಾಲೆಯ ಇಂದಿನ ಸ್ಥಿತಿ ಅರ್ಥವಾಗಬೇಕಾದರೆ 2006ರ ತಮಿಳುನಾಡು ತಮಿಳು ಕಲಿಕೆ ಕಾಯ್ದೆಯನ್ನು ತಿಳಿದಿರಬೇಕು. ಒಂದರಿಂದ ಹತ್ತನೆಯ ತರಗತಿವರೆಗೆ ಎಲ್ಲ ಶಾಲೆಗಳಲ್ಲೂ ತಮಿಳು ಕಡ್ಡಾಯ ಭಾಷೆ ಎಂದು ಅದು ಹೇಳಿತು. ಒಮ್ಮೆಲೇ ತರಲಿಲ್ಲ, 2006-07ರಲ್ಲಿ ಒಂದನೆಯ ತರಗತಿ, ಮರುವರ್ಷ ಎರಡನೆಯದು ಎಂದು ಮೆಟ್ಟಿಲು ಮೆಟ್ಟಿಲಾಗಿ ತಂದರು. ಆ ವರ್ಷ ಒಂದನೆಯ ತರಗತಿಗೆ ಸೇರಿದ ಮಕ್ಕಳು 2016ರಲ್ಲಿ ಎಸ್‌.ಎಸ್‌.ಎಲ್‌.ಸಿ. ಬಾಗಿಲಿಗೆ ಬಂದರು. ಆಗ ಮಾಡಿದ ವ್ಯವಸ್ಥೆಯಲ್ಲಿ ಭಾಗ 1 ತಮಿಳು, ಭಾಗ 2 ಇಂಗ್ಲಿಷ್, ಭಾಗ 3ರಲ್ಲಿ ಗಣಿತ, ವಿಜ್ಞಾನ, ಸಮಾಜ ವಿಜ್ಞಾನ. ತಮಿಳು ಅಥವಾ ಇಂಗ್ಲಿಷ್ ಮಾತೃಭಾಷೆಯಲ್ಲದ ಮಗುವಿಗೆ ಭಾಗ 4ರಲ್ಲಿ ತನ್ನ ಭಾಷೆ, ಅದೂ ಐಚ್ಛಿಕವಾಗಿ. ಅದುವರೆಗೆ ಮೊದಲ ಭಾಷೆಯ ಜಾಗದಲ್ಲಿ ಕೂತಿದ್ದ ಕನ್ನಡ ನಾಲ್ಕನೆಯ ಸಾಲಿಗೆ ಬಂತು. ಪರೀಕ್ಷೆಯ 500 ಅಂಕದ ಲೆಕ್ಕ ಮೊದಲ ಮೂರು ಭಾಗಗಳಲ್ಲೇ ಮುಗಿಯುತ್ತಿತ್ತು.

ಹತ್ತನೆಯ ತರಗತಿಯ ಮಕ್ಕಳ ತಲೆಯ ಮೇಲೆ ಪರೀಕ್ಷೆ ಬಂದು ನಿಂತಾಗ ಭಾಷಾ ಅಲ್ಪಸಂಖ್ಯಾತರು ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಮದ್ರಾಸ್ ಹೈಕೋರ್ಟಿನಿಂದ ತಮಿಳು ಪತ್ರಿಕೆಗೆ ವಿನಾಯಿತಿ ಸಿಕ್ಕಿತು. 2023ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಒಂದು ವರ್ಷದ ಮಟ್ಟಿಗೆ ವಿನಾಯಿತಿ ಕೊಟ್ಟಿತು. ಇಲ್ಲಿ ಒಂದು ಮಾತನ್ನು ಗಮನಿಸಿ. ಫೆಬ್ರವರಿಯಲ್ಲಿ ತೀರ್ಮಾನವಾಗುವ ವಿನಾಯಿತಿ ಏಪ್ರಿಲ್ಲಿನ ಪರೀಕ್ಷೆಗೆ ಪರಿಹಾರವಾದೀತೇ ಹೊರತು ಮಗುವಿನ ವರ್ಷದ ಓದಿಗೆ ಅಲ್ಲ. ಯಾವ ಪತ್ರಿಕೆ ಬರೆಯಬೇಕು ಎಂದು ತಿಳಿಯದೆ ಮಗು ಜೂನ್‌ನಿಂದ ಜನವರಿವರೆಗೆ ಏನು ಓದಬೇಕು? ಮೇಷ್ಟ್ರು ಏನು ಕಲಿಸಬೇಕು? ಎರಡನ್ನೂ ಕಲಿಸಬೇಕು. ಕಲಿಸಿದರು ಕೂಡ.

ತಮಿಳು ಕಲಿಯುವುದಕ್ಕೆ ನಮ್ಮ ತಕರಾರಿಲ್ಲ ಎಂಬುದನ್ನು ಮೊದಲೇ ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಕನ್ನಡದಲ್ಲಿ ಅಕ್ಷರ ತಿದ್ದಿ, ತಮಿಳಿನಲ್ಲಿ ಮುಂದಿನ ಓದು ಓದಿ, ಎರಡೂ ಭಾಷೆಗಳ ಅನ್ನ ಉಂಡವನು ನಾನು. ತಮಿಳು ಬಾರದ ಹುಡುಗ ಈರೋಡಿನ ಕಚೇರಿಯಲ್ಲಿ, ಕೃಷ್ಣಗಿರಿಯ ಆಸ್ಪತ್ರೆಯಲ್ಲಿ ಬಾಯಿ ಇಲ್ಲದವನಾಗುತ್ತಾನೆ. ತಮಿಳು ಬೇಕು. ಆದರೆ ತಮಿಳು ಬರಲಿ ಎಂಬುದಕ್ಕೂ ಕನ್ನಡ ಹೋಗಲಿ ಎಂಬುದಕ್ಕೂ ನಡುವೆ ಬಹಳ ದೂರವಿದೆ. ಆ ದೂರವನ್ನು ಕಾಯುತ್ತಿರುವವರು ಯಾರು ಎಂದರೆ, ಒಂದನೆಯ ತರಗತಿಯ ಟೀಚರು.

ಕಾಣದ ಕೆಲಸ

ಮನೆಯಲ್ಲಿ ತಮಿಳು ಕೇಳದ ಮಗುವಿಗೆ ತಮಿಳು ಕಲಿಸುವ ರೀತಿ ಬೇರೆ. ತಮಿಳು ಮನೆಯ ಮಗುವಿಗೆ ಮಾತು ಮೊದಲೇ ಇರುತ್ತದೆ, ಅಕ್ಷರ ಕಲಿಸಿದರೆ ಸಾಕು. ನಮ್ಮ ಮಗುವಿಗೆ ಮಾತನ್ನೂ ಅಕ್ಷರವನ್ನೂ ಒಟ್ಟಿಗೆ ಕಲಿಸಬೇಕು. ಕನ್ನಡದಲ್ಲಿ ಕ, ಖ, ಗ, ಘ ಎಂದು ನಾಲ್ಕು ಅಕ್ಷರ ಕಲಿತ ಮಗು ತಮಿಳಿಗೆ ಬಂದಾಗ ಆ ನಾಲ್ಕಕ್ಕೂ ಒಂದೇ ಅಕ್ಷರ. ಬರೆಯುವುದು ಹಗುರ, ಓದುವುದು ಕಷ್ಟ. ಪದದ ಮೊದಲಲ್ಲಿ ‘ಕ’ ಎಂದು ಓದಿದ ಅಕ್ಷರವನ್ನೇ ನಡುವೆ ‘ಗ’ ಎಂದು ಓದಬೇಕು. ಇದು ಯಾಕೆ ಹೀಗೆ ಎಂದು ಮಗು ಕೇಳುತ್ತದೆ. ಉತ್ತರ ಹೇಳಬೇಕಾದರೆ ಮೇಷ್ಟ್ರಿಗೆ ಎರಡೂ ಭಾಷೆಯ ಒಳಗುಟ್ಟು ಗೊತ್ತಿರಬೇಕು.

ನನ್ನ ಜೊತೆ ಕೆಲಸ ಮಾಡಿದ ಒಬ್ಬ ಟೀಚರಮ್ಮ ತರಗತಿಯ ಗೋಡೆಗೆ ಒಂದು ದೊಡ್ಡ ಹಾಳೆ ಅಂಟಿಸಿದ್ದರು. ಒಂದು ಕಡೆ ಹಾಲು, ಹತ್ತು, ಹುಲಿ, ಹಲ್ಲು, ಹೂವು. ಎದುರಿಗೆ ಪಾಲ್, ಪತ್ತು, ಪುಲಿ, ಪಲ್, ಪೂ. ‘ನಮ್ಮ ಹಕಾರ ಅವರ ಮನೆಯಲ್ಲಿ ಪಕಾರ, ಅಕ್ಕತಂಗಿಯರ ಮಕ್ಕಳಪ್ಪಾ’ ಎಂದು ಅವರು ಹೇಳಿದರೆ ಮಕ್ಕಳು ತಾವೇ ಹುಡುಕಿಕೊಂಡು ಬರುತ್ತಿದ್ದರು. ಒಬ್ಬ ಹುಡುಗ ಮರುದಿನ ಬಂದು, ‘ಟೀಚರ್, ನಮ್ಮ ಹಳ್ಳಿ ಅವರಿಗೆ ಪಳ್ಳಿ, ಆದರೆ ಅವರ ಪಳ್ಳಿ ಅಂದ್ರೆ ಇಸ್ಕೂಲು!’ ಎಂದ. ಇಡೀ ತರಗತಿ ನಕ್ಕಿತು. ಆ ನಗುವಿನಲ್ಲಿ ಆ ಮಗು ಕಲಿತದ್ದನ್ನು ಯಾವ ಅಧಿಸೂಚನೆಯೂ ಕಲಿಸಲಾರದು. ಆ ಟೀಚರಮ್ಮನ ತರಗತಿಯಲ್ಲಿ ತಮಿಳು ಎಂದರೆ ಹೆದರಿಕೆ ಇರಲಿಲ್ಲ, ಕನ್ನಡ ಎಂದರೆ ನಾಚಿಕೆಯೂ ಇರಲಿಲ್ಲ. ಅವರಿಗೆ ಯಾವ ಪ್ರಶಸ್ತಿಯೂ ಬರಲಿಲ್ಲ. ಅವರು ಅರ್ಜಿ ಹಾಕಲೇ ಇಲ್ಲ.

ಇನ್ನೊಂದು ಕೆಲಸ ಅನುವಾದ. ತರಬೇತಿ ತಮಿಳಿನಲ್ಲಿ, ಸುತ್ತೋಲೆ ತಮಿಳಿನಲ್ಲಿ. ತರಬೇತಿಯಲ್ಲಿ ಹೇಳಿದ್ದನ್ನು ಕನ್ನಡ ಮಾಧ್ಯಮದ ಶಿಕ್ಷಕರು ರಾತ್ರಿ ಕೂತು ಕನ್ನಡಕ್ಕೆ ತಂದುಕೊಂಡು ಬೆಳಿಗ್ಗೆ ಪಾಠ ಮಾಡುತ್ತಾರೆ. ಏಕರೂಪ ಶಿಕ್ಷಣ ವ್ಯವಸ್ಥೆಯ ಕಾಯ್ದೆ 2010ರಲ್ಲಿ ಬಂದು, 2011ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದಾಗ ರಾಜ್ಯದ ಎಲ್ಲ ಮಕ್ಕಳಿಗೂ ಒಂದೇ ಪಠ್ಯವಾಯಿತು. ಒಳ್ಳೆಯದೇ ಆಯಿತು. ಆದರೆ ಪಠ್ಯ ಬದಲಾದಾಗಲೆಲ್ಲ ಗಣಿತದ, ವಿಜ್ಞಾನದ ಹೊಸ ಪದಗಳಿಗೆ ಕನ್ನಡ ಹುಡುಕುವ ಹೊರೆ ನಮ್ಮವರ ಮೇಲೆ ಬೀಳುತ್ತದೆ. ತಮಿಳಿನ ‘ವಾಯ್ಪಾಡು’ ನಮ್ಮ ಮಗ್ಗಿ ಎಂದು ಹೇಳುವುದು ಸುಲಭ. ರಸಾಯನಶಾಸ್ತ್ರಕ್ಕೆ ಬಂದಾಗ ಅಷ್ಟು ಸುಲಭವಲ್ಲ.

ಮೂರನೆಯದು ದೂರ. ತಾಳವಾಡಿಯಿಂದ ಜಿಲ್ಲಾ ಕೇಂದ್ರವಾದ ಈರೋಡಿಗೆ ಹೋಗಬೇಕಾದರೆ ದಿಂಬಂ ಘಟ್ಟದ 27 ತಿರುವು ಇಳಿಯಬೇಕು. ಸುತ್ತ ಸತ್ಯಮಂಗಲದ ಹುಲಿ ಅಭಯಾರಣ್ಯ, ಆನೆಯ ದಾರಿ. ಚಾಮರಾಜನಗರ ಅದಕ್ಕಿಂತ ಎಷ್ಟೋ ಹತ್ತಿರ, ಆದರೆ ಅದು ಬೇರೆ ರಾಜ್ಯ. ಒಂದು ಸಭೆಗೆ ಹೋಗಿ ಬರಲು ಒಂದು ದಿನ ಹಿಡಿಯುತ್ತದೆ. ಇಬ್ಬರೇ ಶಿಕ್ಷಕರಿರುವ ಶಾಲೆಯಲ್ಲಿ ಒಬ್ಬರು ಘಟ್ಟ ಇಳಿದರೆ ಇನ್ನೊಬ್ಬರು ಐದು ತರಗತಿಗಳ ನಡುವೆ ನಿಂತಿರುತ್ತಾರೆ.

ಅಳತೆ ಕೋಲು

ಈಗ ಪ್ರಶಸ್ತಿಗಳ ಕಡೆ ಬನ್ನಿ. ಕೇಂದ್ರ ಸರ್ಕಾರದ ರಾಷ್ಟ್ರೀಯ ಶಿಕ್ಷಕ ಪ್ರಶಸ್ತಿ 1958ರಲ್ಲಿ ಶುರುವಾಯಿತು. 2018ರಲ್ಲಿ ಅದರ ರೀತಿ ಬದಲಾಗಿ, ಶಿಕ್ಷಕರು ತಾವೇ ಆನ್‌ಲೈನಿನಲ್ಲಿ ಹೆಸರು ಸಲ್ಲಿಸುವ ಕ್ರಮ ಬಂತು. ಜಿಲ್ಲಾ ಸಮಿತಿ, ರಾಜ್ಯ ಸಮಿತಿ, ಆಮೇಲೆ ರಾಷ್ಟ್ರ ಮಟ್ಟದ ತೀರ್ಪುಗಾರರು. ಬೆಳ್ಳಿ ಪದಕ, ಪ್ರಮಾಣಪತ್ರ, 50,000 ರೂಪಾಯಿ. ಶಿಫಾರಸು ಹಿಡಿದು ಬಾಗಿಲು ತಟ್ಟುವುದು ತಪ್ಪಿತು ಎಂಬುದು ಇದರ ಒಳ್ಳೆಯ ಗುಣ. ಆದರೆ ತನ್ನ ಕೆಲಸವನ್ನು ತಾನೇ ಬರೆದು, ಫೋಟೋ, ವಿಡಿಯೋ ಸೇರಿಸಿ ಕಳಿಸಬೇಕು. ನಮ್ಮ ಹಿರಿಯ ಮೇಷ್ಟ್ರುಗಳಿಗೆ ತಮ್ಮನ್ನು ತಾವು ಹೊಗಳಿಕೊಳ್ಳುವುದು ಬಾರದು. ಬಂದರೂ ಗೋಡೆಯ ಮೇಲಿನ ಹಾಲು–ಪಾಲ್ ಹಾಳೆ ಒಂದು ಸಾಧನೆ ಎಂದು ಅವರಿಗೆ ಅನ್ನಿಸುವುದಿಲ್ಲ.

ಇದರಲ್ಲಿ ಊರಿನವರ ಪಾಲೂ ಇದೆ. ನಿಮ್ಮ ಶಾಲೆಯಲ್ಲಿ ಅಂಥ ಶಿಕ್ಷಕರಿದ್ದರೆ ಅವರ ಕೆಲಸದ ದಾಖಲೆಯನ್ನು ನೀವು ಮಾಡಿಡಿ. ಹಳೆಯ ವಿದ್ಯಾರ್ಥಿಗಳು ಫೋನಿನಲ್ಲಿ ಪಾಠದ ಒಂದು ತುಣುಕು ಹಿಡಿಯಬಹುದು. ಶಾಲಾ ಆಡಳಿತ ಮಂಡಳಿ ತನ್ನ ನಡಾವಳಿಯಲ್ಲಿ ಒಂದು ಠರಾವು ಬರೆಯಬಹುದು. ಇಷ್ಟು ಮಕ್ಕಳು ಸೇರಿದರು, ಇಷ್ಟು ಮಕ್ಕಳು ಎರಡು ಭಾಷೆಯಲ್ಲಿ ಓದಿ ಬರೆಯುತ್ತಾರೆ, ಇಷ್ಟು ಮಕ್ಕಳು ಶಾಲೆ ಬಿಡದೆ ಹತ್ತನೆಯ ತರಗತಿ ಮುಗಿಸಿದರು ಎಂಬ ಲೆಕ್ಕ ಹಾಜರಿ ಪುಸ್ತಕದಲ್ಲೇ ಇದೆ; ತೆಗೆದು ಬರೆಯುವವರು ಬೇಕು.

ಒಳ್ಳೆಯ ಶಾಲೆಗಳಿಗೆ ಕೊಡುವ ಪ್ರಶಸ್ತಿಯೂ ಇದೆ. ತಮಿಳುನಾಡಿನಲ್ಲಿ ಪೇರಾಸಿರಿಯರ್ ಅನ್ಬಳಗನ್ ಅವರ ಹೆಸರಿನಲ್ಲಿ ಸರ್ಕಾರಿ ಶಾಲೆಗಳನ್ನು ಗೌರವಿಸುತ್ತಾರೆ. ಶಾಲೆ ಎಂದರೆ ಕಟ್ಟಡ, ಮಕ್ಕಳ ಸಂಖ್ಯೆ, ಫಲಿತಾಂಶ ಎಂದೇ ಎಲ್ಲರೂ ನೋಡುವುದು ಸಹಜ. ಆದರೆ ಗಡಿ ಶಾಲೆಯಲ್ಲಿ ಸಂಖ್ಯೆ ಎಂಬುದೇ ಬೇರೆ ಕಥೆ. ಒಂದೇ ಆವರಣದಲ್ಲಿ ತಮಿಳು ಮಾಧ್ಯಮ, ಇಂಗ್ಲಿಷ್ ಮಾಧ್ಯಮ, ಕನ್ನಡ ಮಾಧ್ಯಮ ಇರುವಾಗ ಕನ್ನಡದ ಬೆಂಚಿನಲ್ಲಿ ಹದಿನೈದು ಮಕ್ಕಳನ್ನು ಉಳಿಸಿಕೊಳ್ಳುವುದೇ ಒಂದು ಸಾಧನೆ.

ಸಂಖ್ಯೆಯ ಕಾನೂನು

ಸಂಖ್ಯೆ ಇಳಿದರೆ ಏನಾಗುತ್ತದೆ? 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಒಂದರಿಂದ ಐದನೆಯ ತರಗತಿವರೆಗಿನ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, 61ರಿಂದ 90ಕ್ಕೆ ಮೂವರು, 91ರಿಂದ 120ಕ್ಕೆ ನಾಲ್ವರು. 61 ಮಕ್ಕಳಲ್ಲಿ ಒಬ್ಬ ಹುಡುಗ ಬೇರೆ ಶಾಲೆಗೆ ಹೋದರೆ ಒಂದು ಹುದ್ದೆಯೇ ಅಲುಗಾಡುತ್ತದೆ. ಒಮ್ಮೆ ಹೋದ ಕನ್ನಡ ಹುದ್ದೆ ಮತ್ತೆ ಬರುವುದು ಎಷ್ಟು ಕಷ್ಟ ಎಂದು ಗಡಿಯವರಿಗೆ ನಾನು ಹೇಳಬೇಕಾಗಿಲ್ಲ.

ಆದರೆ ಇದಕ್ಕಿಂತ ಹಳೆಯ ಇನ್ನೊಂದು ಲೆಕ್ಕವಿದೆ. 1949ರ ಆಗಸ್ಟಿನಲ್ಲಿ ಪ್ರಾಂತಗಳ ಶಿಕ್ಷಣ ಮಂತ್ರಿಗಳ ಸಮ್ಮೇಳನ ಒಂದು ಸೂತ್ರ ಒಪ್ಪಿಕೊಂಡಿತು: ಒಂದು ಶಾಲೆಯಲ್ಲಿ 40 ಮಕ್ಕಳು ಅಥವಾ ಒಂದು ತರಗತಿಯಲ್ಲಿ 10 ಮಕ್ಕಳು ಬೇರೆ ಮಾತೃಭಾಷೆಯವರಿದ್ದರೆ ಆ ಭಾಷೆಯಲ್ಲಿ ಪ್ರಾಥಮಿಕ ಪಾಠ ಹೇಳಲು ಶಿಕ್ಷಕರನ್ನು ಕೊಡಬೇಕು. 1956ರಲ್ಲಿ ರಾಜ್ಯಗಳ ಗೆರೆ ಎಳೆದಾಗ ಸಂವಿಧಾನಕ್ಕೆ 350ಎ ವಿಧಿ ಸೇರಿತು. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಅನುಕೂಲ ಮಾಡಲು ಪ್ರತಿ ರಾಜ್ಯವೂ ಪ್ರಯತ್ನಿಸಬೇಕೆಂದು ಅದು ಹೇಳುತ್ತದೆ. 350ಬಿ ವಿಧಿ ಅದನ್ನು ನೋಡಿಕೊಳ್ಳಲು ಒಬ್ಬ ವಿಶೇಷ ಅಧಿಕಾರಿಯನ್ನು ಕೊಟ್ಟಿತು. ಶಿಕ್ಷಣ ಹಕ್ಕು ಕಾಯ್ದೆಯ 29ನೆಯ ಕಲಮೂ ಕಾರ್ಯಸಾಧ್ಯವಾದ ಮಟ್ಟಿಗೆ ಮಾತೃಭಾಷೆಯೇ ಮಾಧ್ಯಮವಾಗಿರಲಿ ಎನ್ನುತ್ತದೆ.

ಹತ್ತು ಮಕ್ಕಳು. ಈ ಅಂಕಿಯನ್ನು ನೆನಪಿನಲ್ಲಿಡಿ. ಆದರೆ ಹತ್ತು ಮಕ್ಕಳು ಊರಿನಲ್ಲಿದ್ದರೆ ಸಾಲದು, ಕಾಗದದಲ್ಲಿ ಇರಬೇಕು. ಶಾಲೆಗೆ ಸೇರಿಸುವಾಗ ಅರ್ಜಿಯಲ್ಲಿ ಮಾತೃಭಾಷೆ ಎಂಬ ಜಾಗವಿರುತ್ತದೆ. ಅವಸರದಲ್ಲಿ, ಅಥವಾ ಮುಂದೆ ಅನುಕೂಲವಾದೀತು ಎಂಬ ಯೋಚನೆಯಲ್ಲಿ, ಅಲ್ಲಿ ಬೇರೆ ಭಾಷೆ ಬರೆಸಿಬಿಡುವವರಿದ್ದಾರೆ. ಮಗುವಿನ ಮಾತೃಭಾಷೆ ಯಾವುದೆಂದು ತೀರ್ಮಾನಿಸುವವರು ತಂದೆತಾಯಿ ಎಂದು 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಹೇಳಿದೆ. ಕರ್ನಾಟಕ ಸರ್ಕಾರದ ಕನ್ನಡ ಮಾಧ್ಯಮ ನೀತಿಗೆ ಆ ತೀರ್ಪು ಹೊಡೆತ ಕೊಟ್ಟಿತೆಂದು ಬೆಂಗಳೂರಿನಲ್ಲಿ ಬೇಸರಪಟ್ಟರು. ಗಡಿಯ ಈಚೆ ನಿಂತ ನಮಗೆ ಅದೇ ಮಾತು ಒಂದು ಊರುಗೋಲು. ಪೆನ್ನು ನಿಮ್ಮ ಕೈಯಲ್ಲಿದೆ.

ನೆರೆಯವರ ಮಕ್ಕಳು

ನಮ್ಮ ಕಷ್ಟವನ್ನು ತಮಿಳುನಾಡೊಂದೇ ತಂದಿತು ಎಂದರೆ ಸತ್ಯಕ್ಕೆ ದೂರ. ಕೇರಳದಲ್ಲಿ 2017ರ ಮಲಯಾಳ ಕಡ್ಡಾಯ ಕಾಯ್ದೆ ಬಂದು ಕಾಸರಗೋಡಿನ ಕನ್ನಡಿಗರು ಬೀದಿಗಿಳಿದರು. ತೆಲಂಗಾಣ 2018ರಲ್ಲಿ ತೆಲುಗನ್ನು, ಮಹಾರಾಷ್ಟ್ರ 2020ರಲ್ಲಿ ಮರಾಠಿಯನ್ನು ಕಡ್ಡಾಯ ಮಾಡಿದವು. ಜತ್ತ, ಅಕ್ಕಲಕೋಟೆಯ ಮೇಷ್ಟ್ರು ಈ ಲೇಖನ ಓದಿದರೆ ಊರ ಹೆಸರು ಬದಲಿಸಿ ತಮ್ಮ ಕಥೆಯನ್ನೇ ಕಂಡಾರು. ಕರ್ನಾಟಕವೂ ಹಿಂದೆ ಬಿದ್ದಿಲ್ಲ. 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆ ಅಲ್ಲಿನ ಎಲ್ಲ ಶಾಲೆಗಳಲ್ಲೂ ಕನ್ನಡವನ್ನು ಕಡ್ಡಾಯ ಮಾಡಿತು. ಹೊಸೂರಿನಲ್ಲಿ ಕನ್ನಡದ ಮಗುವಿಗೆ ನಾವು ಏನನ್ನು ಕೇಳುತ್ತೇವೋ ಬೆಂಗಳೂರಿನ ತಮಿಳು ಮಗುವಿಗೂ, ಕೋಲಾರದ ತೆಲುಗು ಮಗುವಿಗೂ ಅದನ್ನೇ ಕೇಳಬೇಕು. ನಾಡಿನ ಭಾಷೆ ಕಲಿಯಲಿ, ಮನೆಯ ಭಾಷೆ ಉಳಿಯಲಿ. ಒಂದು ಕಡೆ ನ್ಯಾಯ, ಇನ್ನೊಂದು ಕಡೆ ಅಭಿಮಾನ ಎಂದು ಎರಡು ತಕ್ಕಡಿ ಇಟ್ಟುಕೊಂಡರೆ ನಮ್ಮ ಮಾತಿಗೆ ತೂಕವಿರುವುದಿಲ್ಲ.

2025ರ ಆಗಸ್ಟ್ 8ರಂದು ತಮಿಳುನಾಡು ತನ್ನದೇ ರಾಜ್ಯ ಶಿಕ್ಷಣ ನೀತಿಯನ್ನು ಪ್ರಕಟಿಸಿತು. ತಮಿಳು, ಇಂಗ್ಲಿಷ್ ಎಂಬ ದ್ವಿಭಾಷಾ ನೀತಿ ಮುಂದುವರಿಯಿತು. ಹನ್ನೊಂದನೆಯ ತರಗತಿಯ ಪಬ್ಲಿಕ್ ಪರೀಕ್ಷೆ ಹೋಯಿತು. ಎರಡು ಭಾಷೆಯ ಲೆಕ್ಕದಲ್ಲಿ ಮೂರನೆಯ ಭಾಷೆಯ ಮಗು ಎಲ್ಲಿ ನಿಲ್ಲುತ್ತದೆ ಎಂಬ ಪ್ರಶ್ನೆಯನ್ನು ನಾವು ಕೇಳುತ್ತಲೇ ಇರಬೇಕು. ಅದೇ ವರ್ಷ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್ ಕೊಟ್ಟ ಟಿ.ಇ.ಟಿ. ತೀರ್ಪು ಶಿಕ್ಷಕರ ಮನೆಗಳಲ್ಲಿ ನಿದ್ದೆ ಕೆಡಿಸಿದೆ. ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಸೇವೆ ಉಳಿದಿರುವವರು ಎರಡು ವರ್ಷದಲ್ಲಿ ಅರ್ಹತಾ ಪರೀಕ್ಷೆ ಪಾಸಾಗಬೇಕು. ಅದಕ್ಕಿಂತ ಕಡಿಮೆ ಉಳಿದವರು ಮುಂದುವರಿಯಬಹುದು, ಆದರೆ ಪಾಸಾಗದೆ ಬಡ್ತಿ ಇಲ್ಲ. ಅಲ್ಪಸಂಖ್ಯಾತ ಸಂಸ್ಥೆಗಳ ಪ್ರಶ್ನೆಯನ್ನು ಹೆಚ್ಚು ನ್ಯಾಯಮೂರ್ತಿಗಳ ಪೀಠಕ್ಕೆ ಬಿಟ್ಟರು. ತಮಿಳುನಾಡಿನ ಟಿ.ಇ.ಟಿ.ಯ 150 ಅಂಕಗಳಲ್ಲಿ ಮೊದಲ ಭಾಷೆಗೆ 30, ಆ ಭಾಷೆಯಾಗಿ ಕನ್ನಡವನ್ನು ಆರಿಸಿಕೊಳ್ಳಬಹುದು. ನಿವೃತ್ತರಾದ ನಮ್ಮಂಥವರಿಗೆ ಇಲ್ಲಿ ಕೆಲಸವಿದೆ. ಭಾನುವಾರ ಎರಡು ಗಂಟೆ ಕೂತು ಕಿರಿಯರಿಗೆ ಕನ್ನಡ ವ್ಯಾಕರಣ, ಮಕ್ಕಳ ಮನಶ್ಶಾಸ್ತ್ರ ಹೇಳಿಕೊಟ್ಟರೆ ಒಂದು ಹುದ್ದೆ ಉಳಿದೀತು, ಹುದ್ದೆ ಉಳಿದರೆ ಒಂದು ತರಗತಿ ಉಳಿದೀತು.

ಕರ್ನಾಟಕಕ್ಕೆ ಒಂದು ಮಾತು

ಕರ್ನಾಟಕ ನಮ್ಮನ್ನು ಪೂರ್ತಿ ಮರೆತಿಲ್ಲ. ವೃತ್ತಿ ಶಿಕ್ಷಣದ ಸಿ.ಇ.ಟಿ.ಯಲ್ಲಿ ಗಡಿನಾಡು, ಹೊರನಾಡು ಕನ್ನಡಿಗ ಮಕ್ಕಳಿಗೆ ಅವಕಾಶವಿದೆ. ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಗಡಿಯಾಚೆಯ ಕನ್ನಡ ಶಾಲೆಗಳಿಗೂ ನೆರವು ಕೊಡುತ್ತದೆ. ಆದರೆ ಸೆಪ್ಟೆಂಬರ್ 5ರಂದು ಅಲ್ಲಿ ಕೊಡುವ ರಾಜ್ಯ ಶಿಕ್ಷಕ ಪ್ರಶಸ್ತಿ ಅಲ್ಲಿನ ಶಾಲೆಗಳ ಶಿಕ್ಷಕರಿಗೆ. ನಮ್ಮ ಮೇಷ್ಟ್ರಿಗೆ ಸಂಬಳ ಕೊಡುವ ರಾಜ್ಯದ ಭಾಷೆ ಬೇರೆ; ಭಾಷೆಯ ರಾಜ್ಯಕ್ಕೆ ಅವರು ನೌಕರರಲ್ಲ. ಎರಡು ಮನೆಯ ಹಬ್ಬಕ್ಕೂ ನೆಂಟರಾಗಿ ನಿಂತವರಂತೆ ಅವರ ಪಾಡು. ನೆರೆರಾಜ್ಯಗಳ ಕನ್ನಡ ಮಾಧ್ಯಮ ಶಿಕ್ಷಕರಿಗೆಂದೇ ವರ್ಷಕ್ಕೆ ಐದು ಗೌರವಗಳನ್ನು ಕರ್ನಾಟಕ ಇಟ್ಟರೆ ಬೊಕ್ಕಸಕ್ಕೆ ಭಾರವಾಗದು. ಹಣಕ್ಕಿಂತ ಒಂದು ಕಟ್ಟು ಪುಸ್ತಕ, ಶಾಲೆಯ ಗ್ರಂಥಾಲಯಕ್ಕೆ ಒಂದು ಬೀರು ಕೊಟ್ಟರೂ ಸಾಕು. ಅಳತೆಯೂ ಸರಳವಾಗಿರಲಿ: ಎಷ್ಟು ಮಕ್ಕಳನ್ನು ಕನ್ನಡದ ತರಗತಿಯಲ್ಲಿ ಉಳಿಸಿದರು, ಆ ಮಕ್ಕಳು ರಾಜ್ಯದ ಭಾಷೆಯನ್ನೂ ಎಷ್ಟು ಚೆನ್ನಾಗಿ ಕಲಿತರು.

ಓದುಗರೇ, ಇಷ್ಟು ಓದಿದ ಮೇಲೆ ನೀವು ಮಾಡಬಹುದಾದ ಕೆಲಸ ಮೂರೇ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲಾ ಆಡಳಿತ ಮಂಡಳಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಮಹಿಳೆಯರಿರಬೇಕು. ಮುಂದಿನ ಸಭೆಗೆ ತಪ್ಪದೆ ಹೋಗಿ. ಕನ್ನಡ ಮಾತೃಭಾಷೆಯ ಮಕ್ಕಳೆಂದು ದಾಖಲಾದವರು ಪ್ರತಿ ತರಗತಿಯಲ್ಲಿ ಎಷ್ಟು ಎಂದು ಕೇಳಿ ಬರೆದುಕೊಳ್ಳಿ. ಹತ್ತಿದ್ದೂ ಶಿಕ್ಷಕರಿಲ್ಲದಿದ್ದರೆ ಠರಾವು ಮಾಡಿ, ಸಹಿ ಹಾಕಿ, ಮೇಲಕ್ಕೆ ಕಳಿಸಿ, ಪ್ರತಿಯನ್ನು ನಿಮ್ಮ ಬಳಿ ಇಟ್ಟುಕೊಳ್ಳಿ. ಹತ್ತಕ್ಕೆ ಒಂದೋ ಎರಡೋ ಕಡಿಮೆ ಇದ್ದರೆ, ಜೂನ್ ತಿಂಗಳಲ್ಲಿ ಮಗುವನ್ನು ಶಾಲೆಗೆ ಸೇರಿಸಬೇಕಾದ ನಿಮ್ಮ ಬೀದಿಯ ಆ ಮನೆ ಯಾವುದೆಂದು ನಿಮಗೇ ಗೊತ್ತು. ಹೋಗಿ ಮಾತಾಡಿ.